ಮೊದಲ ಹಿಡಿ ತಿಂದ ಗಾರ್ಡು

ಹಸಿ ರಾಗಿತೆನೆಯನ್ನು ಕೆಂಡದಲ್ಲಿ ಸುಡುವಾಗ ಒಂದು ವಾಸನೆ ಬರುತ್ತದೆ. ಹಾಲು ಉಕ್ಕಿ ಒಲೆಗೆ ಚೆಲ್ಲಿದ ಹಾಗೆ, ಹುಲ್ಲು ಸುಟ್ಟ ಹಾಗೆ, ಎರಡೂ ಸೇರಿದ ಹಾಗೆ. ಮೊನ್ನೆ ನಮ್ಮನೆಯಲ್ಲಿ ಆ ವಾಸನೆ ಎದ್ದಿತು. ಮೊಮ್ಮಗಳು ಹೆತ್ತು ಆಸ್ಪತ್ರೆಯಿಂದ ಬಂದಿದ್ದಾಳೆ. ಹೆಣ್ಣು ಕೂಸು! ಅತ್ತರೆ ಯಲ್ಲಾಪುರ ಪೇಟೆಗೆ ಕೇಳಬೇಕು, ಅಂಥಾ ಗಂಟಲು. ನನಗಂತೂ ಕೂತಲ್ಲಿ ಕೂರಲು ಆಗುತ್ತಿಲ್ಲ. ದಾರಿಯಲ್ಲಿ ಕಂಡವರನ್ನೆಲ್ಲ ಕರೆಕರೆದು ಬೆಲ್ಲ ಕೊಟ್ಟಿದ್ದೇನೆ.

ಡಾಕ್ಟರಮ್ಮ ಹೊರಡುವಾಗ ಹೇಳಿದರು, "ಬಾಣಂತಿಗೆ ರಾಗಿ ಕೊಡಿ ಅಜ್ಜಿ, ಹಾಲಿಗೆ ಒಳ್ಳೇದು." ನನಗೆ ನಗು ತಡೆಯಲಿಲ್ಲ. ಗುಡ್ಡದಲ್ಲಿ ರಾಗಿ ಬೆಳೆಯುವ ಕುಣಬಿ ಜನದ ಮುದುಕಿಗೆ ರಾಗಿ ತಿನ್ನಿಸು ಅಂತ ಹೇಳಿಕೊಡುತ್ತಾರೆ! ಅವರದೇನು ತಪ್ಪು, ಅವರು ಆಗ ಹುಟ್ಟೇ ಇರಲಿಲ್ಲ. ಮಗ ಹಿತ್ತಿಲಲ್ಲಿ ನಾಲ್ಕು ಸಾಲು ರಾಗಿ ಹಾಕಿದ್ದ. ತೆನೆ ಕೊಯ್ದು ತಂದು ಕೆಂಡದ ಮೇಲಿಟ್ಟೆ. ವಾಸನೆ ಏಳುವುದೇ ತಡ, ಆ ಗಾರ್ಡು ಕಣ್ಣೆದುರು ಬಂದು ನಿಂತ. ಕರೆಯದೆ ಬರುವುದು ಅವನಿಗೆ ಮೊದಲಿಂದ ರೂಢಿ.

ಪುಣ್ಯವಂತರನ್ನು ನೆನೆದು ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನಾನು ಬರೆಯುವುದು ಕಾಡಿನ ಗಾರ್ಡಿನ ವಿಷಯ. ಅವನ ಹೆಸರು ಬರೆಯುವುದಿಲ್ಲ. ಕಾಗದ ದಂಡ.

ನಮ್ಮ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರಿಗೆ ಸೇರಿದ ಮೇಲಿನ ಮಾತು. ನನಗೆ ಹೊಸದಾಗಿ ಮದುವೆಯಾಗಿತ್ತು. ಬಿಳಿ ಸಾಹೇಬರು ಹೋದರು, ಸರ್ಕಾರ ಬದಲಾಯಿತು, ಬಾವುಟ ಬದಲಾಯಿತು ಅಂತ ಪೇಟೆಗೆ ಹೋಗಿ ಬಂದ ಗಂಡಸರು ಹೇಳುತ್ತಿದ್ದರು. ನಮ್ಮ ಗುಡ್ಡಕ್ಕೆ ಬಂದದ್ದು ಮಾತ್ರ ಅದೇ ಖಾಕಿ ಚಡ್ಡಿ. ಅದರೊಳಗೆ ಇಬ್ಬರು ಹಿಡಿಯುವಷ್ಟು ಜಾಗ, ಇದ್ದವನು ಅವನೊಬ್ಬ. ತಲೆಗೆ ಯಾವುದೋ ಸಾಹೇಬ ಬಿಟ್ಟುಹೋದ ಹ್ಯಾಟು, ಕಿವಿಯವರೆಗೆ ಇಳಿಯುತ್ತಿತ್ತು. ರಕ್ತ ಹೀರುವ ಉಂಬಳಕ್ಕೆ ಹೆದರಿ ಕಾಲಿಗೆ ಹೊಗೆಸೊಪ್ಪು ಕಟ್ಟಿಕೊಂಡು, ಕುಣಿಯುತ್ತ ಕುಣಿಯುತ್ತ ಬರುತ್ತಿದ್ದ. ಅವನನ್ನೂ ನಾವು "ಸಾಹೇಬ್ರೇ" ಅನ್ನಬೇಕಿತ್ತು... ಬಾಯಿ ತೊಳೆದುಕೊಳ್ಳೋಣ ಅನ್ನಿಸುತ್ತದೆ ಈಗ.

ನಮ್ಮ ಹಿರಿಯರು ಕುಮರಿ ಮಾಡಿ ಬದುಕಿದವರು. ಗುಡ್ಡದ ಓರೆಯಲ್ಲಿ ಕುರುಚಲು ಕಡಿದು ಸುಟ್ಟು, ಬೂದಿಯಲ್ಲಿ ರಾಗಿ ಬಿತ್ತುವುದು. ಒಂದೆರಡು ವರ್ಷ ಬೆಳೆದು, ಜಾಗವನ್ನು ಕಾಡಿಗೇ ಬಿಟ್ಟು ಮುಂದೆ ಹೋಗುವುದು. ಬಿಳಿಯರು ಅದನ್ನು ಬಂದ್ ಮಾಡಿದರು. ಕಾಡು ನಮ್ಮದು, ನೀವು ಕಳ್ಳರು ಅಂದರು. ಅವರು ಹೋದ ಮೇಲೂ ಕಳ್ಳರು ನಾವೇ ಉಳಿದೆವು. ಸಾಗುವಾನಿ ಮರ ಲಾರಿಗಟ್ಟಲೆ ಘಟ್ಟ ಇಳಿಯುತ್ತಿತ್ತು, ಅದು ಕಾನೂನು. ನಮ್ಮ ಅಂಗೈಯಗಲ ರಾಗಿ ಕಳ್ಳತನ! ಗಾರ್ಡು ಬಂದಾಗೆಲ್ಲ ಕಾನೂನಿನ ಮಾತಾಡುತ್ತಿದ್ದ, ಹೋಗುವಾಗ ಕಂಕುಳಲ್ಲಿ ನಮ್ಮ ಕೋಳಿ ಇರುತ್ತಿತ್ತು.

ನಾನು ಬಸುರಿಯಾದಾಗ ನನ್ನ ಅತ್ತೆ ಯಾರಿಗೂ ಹೇಳದೆ ಗುಡ್ಡದ ಹಿಂದೆ ಒಂದು ಚೂರು ಜಾಗ ಸವರಿ ರಾಗಿ ಬಿತ್ತಿದಳು. ಸೊಸೆ ಹೆರುವ ವರ್ಷ ಅತ್ತೆ ಅವಳಿಗೆ ಅಂತಲೇ ರಾಗಿ ಹಾಕುವುದು ನಮ್ಮಲ್ಲಿ ನಡೆದುಬಂದದ್ದು. ಬಾಣಂತಿಯ ಅಂಬಲಿಗೆ ಬೇರೆ ದಾರಿಯೂ ಇರಲಿಲ್ಲ. ಗೆಡ್ಡೆ ಗೆಣಸು ತಿಂದು ನಾವು ಬದುಕಬಹುದು, ಕೂಸಿಗೆ ಹಾಲಾಗಬೇಕಲ್ಲ? ನನ್ನ ಕೈಕಾಲು ಆಗಲೇ ಕಡ್ಡಿಯಾಗಿತ್ತು, ಚಳಿಜ್ವರ ಬಂದು ಬಂದು ಹೋಗುತ್ತಿತ್ತು. ಅತ್ತೆ ನನ್ನ ಹೊಟ್ಟೆ ನೋಡುವಳು, ಗುಡ್ಡ ನೋಡುವಳು.

ದೀಪಾವಳಿ ಹತ್ತಿರ ತೆನೆ ತುಂಬಿತು. ಅತ್ತೆ ಒಂದು ಕಟ್ಟು ಹಸಿತೆನೆ ತಂದು ಸುಟ್ಟಳು. ನಮ್ಮನೆಯಲ್ಲಿ ಒಂದು ಪದ್ಧತಿ. ಹೊಸ ಬೆಳೆಯ ಮೊದಲ ಹಿಡಿ ಮನೆಯವರು ತಿನ್ನುವ ಹಾಗಿಲ್ಲ. ಆಗ ಬಾಗಿಲಿಗೆ ಯಾರು ಬರುತ್ತಾರೋ ಅವರಿಗೆ ಕೊಟ್ಟು ಆಮೇಲೆ ನಾವು. ಅವತ್ತು ಬಾಗಿಲಿಗೆ ಬಂದವನು ಅವನು.

ನಾನು ಒಳಗಿಂದ ಬೇಡ ಬೇಡ ಅಂತ ಕಣ್ಣು ಮಾಡಿದೆ. ಅತ್ತೆ ತಲೆ ಅಲ್ಲಾಡಿಸಿದಳು. ಬಂದವರು ಬಂದವರೇ. ಬಿಸಿ ಕಾಳು ಉಜ್ಜಿ, ಊದಿ, ಮುತ್ತುಗದ ಎಲೆಯಲ್ಲಿ ಇಟ್ಟು ಎರಡೂ ಕೈಯಲ್ಲಿ ಕೊಟ್ಟಳು. ಜಗುಲಿಯಲ್ಲಿ ಕೂತು ಕೊನೆಯ ಕಾಳೂ ಬಿಡದೆ ತಿಂದ, ಬೆರಳು ನೆಕ್ಕಿದ. ಆಮೇಲೆ ಕೇಳಿದ, "ಏ ಮುದುಕಿ, ಎಲ್ಲಿಯ ರಾಗಿ ಇದು?"

ಅತ್ತೆಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಉಣ್ಣಿಸಿದ ಕೈ ಇನ್ನೂ ಬೆಚ್ಚಗಿತ್ತು. "ನಮ್ದೇ ಸಾಹೇಬ್ರೇ, ಗುಡ್ಡದ ಹಿಂದಿಂದು. ಸೊಸೆ ಎರಡು ಜೀವ ಆಗಿದಾಳೆ ಅಲ್ಲ, ಅದಕ್ಕೆ..."

"ಎರಡು ಜೀವಾನಾ? ಹಂಗಾರೆ ಎರಡು ದಂಡ ಹಾಕ್ಲಾ?" ಅಂತ ತನ್ನ ಮಾತಿಗೆ ತಾನೇ ನಕ್ಕು ಎದ್ದುಹೋದ.

ಮರುದಿನ ಕಾಡು ಕಾಯುವ ಇಬ್ಬರು ವಾಚರುಗಳನ್ನು ಕರೆದುಕೊಂಡು ಬಂದ. ರಾಗಿಯನ್ನೆಲ್ಲ ಬೇರುಸಹಿತ ಕೀಳಿಸಿದ. ಅತ್ತೆ ಅವನ ಹೊಗೆಸೊಪ್ಪಿನ ಕಾಲು ಹಿಡಿದಳು. "ಬಾಣಂತಿ ಪಾಲು ಸಾಹೇಬ್ರೇ, ಅರ್ಧ ಬಿಡ್ರಿ." ಕಾಲು ಕೊಡವಿಕೊಂಡ, ಉಂಬಳ ಕೊಡವಿದ ಹಾಗೆ. ಕಿತ್ತದ್ದನ್ನು ರಾಶಿ ಹಾಕಿ ಬೆಂಕಿ ಕೊಡಿಸಿದ. ಕಾಡಿಗೆ ಬೆಂಕಿ ಹಚ್ಚಬಾರದು ಅಂತ ನಮಗೆ ಪಾಠ ಹೇಳುತ್ತಿದ್ದ ಮಹಾನುಭಾವ! ಹಸಿ ರಾಗಿ ಉರಿಯಲಿಲ್ಲ, ಸಂಜೆವರೆಗೆ ಹೊಗೆಯಾಡಿತು. ಗುಡ್ಡದ ತುಂಬ ಅದೇ ವಾಸನೆ... ನನಗೆ ಬಾಯಲ್ಲಿ ನೀರು ಬಂತು. ಅಳುತ್ತಿದ್ದರೂ ನೀರು ಬಂತು ಬಾಯಲ್ಲಿ.

ಕೂಸು ಹುಟ್ಟಿತು, ಹೆಣ್ಣು. ಎದೆಯಲ್ಲಿ ಹಾಲಿರಲಿಲ್ಲ. ಚೀಪಿ ಚೀಪಿ ಸಾಕಾಗಿ ನನ್ನ ಮುಖ ನೋಡುತ್ತಿತ್ತು. ಆ ದಿನಗಳಲ್ಲೇ ಸೊಳ್ಳೆ ಔಷಧದವರು ಬಂದು ಗೋಡೆಗೆಲ್ಲ ಬಿಳಿ ಹೊಡೆದರು. ಇನ್ನು ಈ ಜನಕ್ಕೆ ಆರೋಗ್ಯ ಅಂತ ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಗೋಡೆಗೆ ಔಷಧ ಸಿಕ್ಕಿತು, ಹೊಟ್ಟೆಗೆ ಏನೂ ಸಿಗಲಿಲ್ಲ. ಚಳಿಗಾಲ ಕಳೆಯುವ ಮೊದಲೇ ಕೂಸು ಹೋಯಿತು... ಅತ್ತೆ ಆಮೇಲೆ ಗುಡ್ಡದ ಕಡೆ ಮುಖ ಮಾಡಿ ಕೂರಲೇ ಇಲ್ಲ.

ಎಷ್ಟೋ ವರ್ಷದ ಮೇಲೆ ಯಲ್ಲಾಪುರದ ಸಂತೆಯಲ್ಲಿ ಅವನು ಸಿಕ್ಕಿದ. ಹ್ಯಾಟಿಲ್ಲ, ಹಲ್ಲಿಲ್ಲ. ಅವನೇ ಗುರುತು ಹಿಡಿದ. "ನಿಮ್ಮತ್ತೆ ಸುಟ್ಟ ರಾಗಿ ಕೊಟ್ಟಿದ್ಲು ನೋಡು, ಆ ರುಚಿ ಇನ್ನೂ ನಾಲಿಗೇಲಿದೆ" ಅಂದ. ನಗುತ್ತ ಅಂದ! ರುಚಿ ನೆನಪಿದೆ, ಕಿತ್ತದ್ದು ನೆನಪಿಲ್ಲ.

"ನನ್ನ ಮಗಳಿಗೆ ಆ ರುಚಿ ಸಿಗಲಿಲ್ಲ" ಅಂದೆ.

"ಯಾವ ಮಗಳು?" ಅಂದ.

ಬಾಯಲ್ಲಿದ್ದ ಎಲೆಅಡಿಕೆಯನ್ನು ಅವನ ಕಾಲ ಬುಡದಲ್ಲಿ ಉಗಿದು ಬಂದೆ. ಈಗ ಸತ್ತಿದ್ದಾನಂತೆ. ಸತ್ತ ಅಂತ ಕೇಳಿದಾಗ ನಾನು ಕೋಳಿಗೆ ಕಾಳು ಹಾಕುತ್ತಿದ್ದೆ, ಹಾಕುತ್ತಲೇ ಇದ್ದೆ.

ಮೊನ್ನೆ ತೆನೆ ಸುಟ್ಟು ಕಾಳು ಉಜ್ಜುತ್ತಿದ್ದೆ. ಒಳಗೆ ಮೊಮ್ಮಗಳು "ಅಜ್ಜೀ, ಎಂತಾ ವಾಸ್ನೆ! ಬೇಗ ಕೊಡೇ" ಅಂತ ಕೂಗುತ್ತಿದ್ದಳು, ಕೂಸು ಅವಳ ಎದೆಗೆ ಕಚ್ಚಿಕೊಂಡಿತ್ತು. ಅಷ್ಟರಲ್ಲಿ ಹೊರಗಿಂದ "ಅಜ್ಜಿ ಇದ್ದೀರಾ?" ಅಂತ ದನಿ. ಪಕ್ಕದ ಮನೆಯ ಹುಡುಗಿ, ಕೂಸಿಗೆ ಕುಲಾಯಿ ಹೊಲಿದು ತಂದಿದ್ದಳು. ಪಾಪದವಳು. ನಾನು ಓ ಅನ್ನಲಿಲ್ಲ. ಬಾಗಿಲಿಗೆ ಅಗಳಿ ಹಾಕಿಯೇ ಇತ್ತು. ಮೊದಲ ಹಿಡಿಯನ್ನು ಮೊಮ್ಮಗಳ ಬಾಯಿಗೆ ಹಾಕಿ, ಅವಳು ನುಂಗಿದ್ದು ನೋಡಿ, ಆಮೇಲೆ ಹೋಗಿ ಬಾಗಿಲು ತೆಗೆದೆ.

ಅತ್ತೆ ಇದ್ದಿದ್ದರೆ ನನ್ನನ್ನು ಮನೆಯೊಳಗೆ ಇಟ್ಟುಕೊಳ್ಳುತ್ತಿರಲಿಲ್ಲ.