ಸೊಳ್ಳೆ ಪರದೆಯೊಳಗೆ ಕುದುರಿದ ಸಂಬಂಧ

ಮದ್ದೂರಿನ ನಮ್ಮ ಮನೆಯ ಹಿಂದೆ ಅಕ್ಕಿ ಗಿರಣಿ ಬಂದ ಮೇಲೆ ನನ್ನ ಅತ್ತೆ ಹಗಲೂ ಸೊಳ್ಳೆ ಪರದೆಯೊಳಗೇ ಇರತೊಡಗಿದರು. ಗಿರಣಿ ತಿರುಗಿದರೆ ಹೊಟ್ಟಿನ ದೂಳು ಕಿಟಕಿಯಿಂದ ಒಳನುಗ್ಗಿ ಅವರಿಗೆ ಉಬ್ಬಸ ಏಳುತ್ತಿತ್ತು. ಪರದೆಯೊಳಗೆ ಕೊಂಚ ಉಸಿರಾಡಬಹುದೆಂದು ಕಂಡುಕೊಂಡವರು ಅವರೇ. ಬಟ್ಟೆ ಸಿಗದ ಯುದ್ಧದ ಕಾಲ. ಎರಡು ಹಳೆಯ ಪರದೆ ಸೇರಿಸಿ ಹೊಲಿದು, ಕಾನ್ವೆಂಟಿನಲ್ಲಿ ಕಲಿತಂತೆ ಅಂಚಿಗೆ ಲೇಸು ಹಾಕಿಕೊಟ್ಟೆ. ಒಳಗೇ ಕೂತು ಸೊಪ್ಪು ಬಿಡಿಸುವರು, ನೆರೆಯವರು ಬಂದರೆ ಲೇಸೆತ್ತಿ ಎಲೆ ಅಡಿಕೆ ಕೊಡುವರು. ಸಂಜೆ ನಾನು ಪರದೆ ಕೊಡವಿದರೆ ಬೆಕ್ಕು ಸೀನುತ್ತಿತ್ತು.

ಆಗ ಕಿರುಗಾವಲಿನವರು ನನ್ನ ನಾದಿನಿಯನ್ನು ನೋಡಲು ಬರುವುದಾಯಿತು. ಉಬ್ಬಸ ವಂಶದ ಕಾಯಿಲೆಯೆಂದು ಹಿಂದಿನ ಸಂಬಂಧ ಬಾಗಿಲಿಂದಲೇ ತಿರುಗಿತ್ತು. ಈ ಹುಡುಗನನ್ನೋ ಅವಳು ಯಾವುದೋ ಮದುವೆಮನೆಯಲ್ಲಿ ನೋಡಿ ಮೆಚ್ಚಿದ್ದಳು. ಇದೂ ತಪ್ಪಿದರೆ ಎಂದು ಊಟ ಬಿಟ್ಟು ಕೂತಳು.

ಅತ್ತೆ ಉಪಾಯ ಹೇಳಿದರು: "ನಾನು ಕೆರಗೋಡ್ಗೆ ಓಗಿವ್ನಿ ಅನ್ನಿ. ಕೋಣೇಲಿ ಉಸ್ರು ಬಿಗಿಹಿಡ್ಕಂಡು ಮನಿಕ್ಕತ್ತೀನಿ."

"ಉಸ್ರಿದ್ರೆ ತಾನೆ ಕಣವ್ವ ಬಿಗಿಹಿಡಿಯೋದು?" ಎಂದಳು ಮಗಳು.

ಗಿರಣಿಯವರು ಅಂದು ನಿಲ್ಲಿಸುತ್ತೇವೆಂದು ಮಾತು ಕೊಟ್ಟಿದ್ದರು. ಬಂದು ಕೂತ ಬೀಗರ ಮುಂದೆ ನಾನು ಉಪ್ಪಿಟ್ಟು ತಂದಿಟ್ಟದ್ದೇ ತಡ, ಗಿರಣಿ ಶುರುವಾಯಿತು. ತಟ್ಟೆಗಳ ಮೇಲೆ ಬೂದುಬಣ್ಣದ ಪುಡಿ ಕೂತಿತು. ಹುಡುಗನ ತಂದೆ ಟವೆಲಿನಿಂದ ಬಾಯಿ ಮುಚ್ಚಿಕೊಂಡು ಎದ್ದವರು, ಎದೆಯಲ್ಲಿ ಕೊಯ್ ಕೊಯ್ ಎನ್ನುತ್ತ ಕೋಣೆಗೆ ನುಗ್ಗಿದರು. ನಾವು "ಬೇಡ" ಎನ್ನುವಷ್ಟರಲ್ಲಿ ಲೇಸು ಎತ್ತಿ ಪರದೆಯೊಳಗೆ ಹೊಕ್ಕರು.

"ಯಾರ್ಲಾ ಅದು!" ಅತ್ತೆ ಕಿರುಚಿದರು.

"ನಾನು ಕಣಮ್ಮ, ಬೀಗ... ಆಗೋನು. ನೀವು ಕೆರಗೋಡ್ಗೆ ಓಗಿದ್ರಲ್ವಾ?"

"ಓಗಿ ಬಂದೆ. ಮೊದ್ಲು ಲೇಸು ಇಳಿಬುಡಿ, ದೂಳು ನುಗ್ತದೆ!"

ಲೇಸು ಇಳಿಯಿತು. ಒಳಗಿಂದ ಎರಡು ತಿದಿ ಒತ್ತಿದ ಸದ್ದು, ಒಂದಾದ ಮೇಲೊಂದು. ಹುಡುಗ ನೆಲ ನೋಡುತ್ತಿದ್ದ. ನಮ್ಮ ಯಜಮಾನರು ಸೂರು ನೋಡುತ್ತಿದ್ದರು.

"ನಿಮ್ಗೂವಾ?" ಎಂದರು ಅತ್ತೆ.

"ಊಂ. ಬಾಯ್ ಬುಟ್ರೆ ಎಣ್ಣು ಕೊಡಕ್ಕಿಲ್ಲ ಅಂತ ಮನೇಲಿ ಎದ್ರಿಸಿ ಕಳ್ಸವ್ರೆ."

"ನಮ್ಮನೇಲೂ ಅಂಗೇಯ. ಎಲ್ಲಿ, ಕೈ ನೀಡಿ."

ಎಲೆ ಅಡಿಕೆ ಒಳಗೇ ಕೈ ಬದಲಾಯಿಸಿತು. ಗಿರಣಿ ನಿಲ್ಲುವವರೆಗೂ ಬೀಗರು ಈಚೆ ಬರಲಿಲ್ಲ. ಬಂದವರು ಕೇಳಿದ್ದು ಒಂದೇ: "ಚಿನ್ನ ಗಿನ್ನ ಬ್ಯಾಡ. ಇಂತಾದೊಂದ್ ಪರದೆ ಒಲ್ಕೊಡಿ."

"ಲೇಸು ಬೇಕಾ?" ಎಂದೆ.

"ಇರ್ಲಿ ಕಣಮ್ಮ, ಸಂದಾಗದೆ."

ಸೂಜಿಪೆಟ್ಟಿಗೆ ತರಲು ಒಳಗೆ ಹೋದರೆ, ನಾದಿನಿ ಒಲೆ ಪಕ್ಕ ಕೂತು ಎಲ್ಲರ ತಟ್ಟೆಯ ಉಪ್ಪಿಟ್ಟನ್ನೂ ದೂಳು ಊದಿ ಊದಿ ತಿನ್ನುತ್ತಿದ್ದಳು.