ಬೂದಿಯಲ್ಲಿ ಊರಿದ ಅಂಗೈ

ಮೂರು ವರ್ಷದ ಹಿಂದೆ, ಡಿಸೆಂಬರ್‌ನ ಒಂದು ಭಾನುವಾರ ಬೆಳಿಗ್ಗೆ, ಖಾನಾಪುರದ ಕಾಡಂಚಿನ ಹುಲ್ಲುಗಾವಲಿನಲ್ಲಿ ನಾವು ನಂದಿಸಿದ್ದ ಒಲೆಯ ಬೂದಿಯೊಳಗೆ ಆ ಜಮೀನಿನ ಯಜಮಾನರು ಬರಿ ಅಂಗೈ ಊರಿದರು. ಹಳೆಯ ಚಪ್ಪಲಿಯ ತಳದಂತೆ ಒರಟಾದ ಅಂಗೈ. ನಡುವೆ ಎರಡು ಸುಟ್ಟ ಕಲೆ. ಮರುಕ್ಷಣ ಕೈ ಹಿಂದಕ್ಕೆಳೆದುಕೊಂಡರು.

"ಯಾರೂ ಹೋಗಬ್ಯಾಡ್ರಿ. ಇದು ಇನ್ನಾ ಸತ್ತಿಲ್ಲ."

ನಾವು ಬೆಳಗಾವಿಯ ಟಿಳಕವಾಡಿಯ ಐವರು ಗೆಳೆಯರು. ಆ ಯಜಮಾನರನ್ನು ಕಾಕಾ ಎನ್ನುತ್ತಿದ್ದೆವು. ಅರಣ್ಯದೊಳಗೆ ಅನುಮತಿಯಿಲ್ಲದೆ ತಂಗುವಂತಿಲ್ಲ. ಹಾಗಾಗಿ ಅವರ ಸ್ವಂತ ಜಮೀನಿನಲ್ಲಿ ಟೆಂಟ್ ಹಾಕಲು ಕೇಳಿಕೊಂಡಿದ್ದೆವು. ಹಸಿ ಟೊಂಗೆ ಮುರಿಯಬಾರದು ಎಂದಿದ್ದರು. ಬಹಿರ್ದೆಸೆಗೆ ಹಳ್ಳದಿಂದ ದೂರ ಹೋಗಿ, ಗುಂಡಿ ತೋಡಿ ಮಣ್ಣು ಮುಚ್ಚಬೇಕು. "ಬೆಕ್ಕಿಗೆ ತಾನ ತಿಳಿತೈತಿ, ಬೆಳಗಾಂವ ಮಂದಿಗೆ ಹೇಳಬೇಕಾಗತೈತಿ ನೋಡ್ರಿ!" ಹೊರಡುವ ಮುನ್ನ ಅವರನ್ನು ಕರೆಯಲೇಬೇಕು, ಬೂದಿ ಮುಟ್ಟಿ ನೋಡದೆ ಅವರು ಯಾರನ್ನೂ ಕಳಿಸುತ್ತಿರಲಿಲ್ಲ.

ಗಾಳಿಗೆ ಮರೆಯಾಗಲೆಂದು ನಾವು ಕಡಿದ ಮರದ ಬೊಡ್ಡೆಯೊಂದರ ಬುಡದಲ್ಲಿ ಒಲೆ ಹೂಡಿದ್ದೆವು. ಅದೇ ತಪ್ಪು. ಬೆಳಿಗ್ಗೆ ಎರಡು ಕೊಡ ನೀರು ಸುರಿದಿದ್ದೆವು, ಹೊಗೆಯಿರಲಿಲ್ಲ. ಮಧ್ಯಾಹ್ನ ನನಗೆ ಪತ್ರಿಕಾ ಕಚೇರಿಯಲ್ಲಿ ಕೆಲಸವಿತ್ತು.

"ಕಾಕಾ, ನೀರು ಹಾಕೇವಲ್ರಿ. ಸಾಕಾಗಂಗಿಲ್ಲೇನು? ಪೇಪರ್ ಆಫೀಸಿಗೆ ಹೊತ್ತಾಗತೈತಿ" ಎಂದೆ.

"ನಿಮ್ಮ ಪೇಪರ್ ನಾಳೆನೂ ಬರತೈತಿ. ನನ್ನ ಹುಲ್ಲು ಮತ್ತ ಬರಾಕ ಮಳಿಗಾಲ ಬೇಕ್ರಿ."

ಅವರ ಎಮ್ಮೆಗಳ ಬೇಸಿಗೆಯ ಮೇವು ಅಷ್ಟೂ ಅಲ್ಲೇ ಒಣಗಿ ನಿಂತಿತ್ತು. ಅದರಾಚೆ ಅರಣ್ಯದ ಗಡಿಕಲ್ಲು.

ಕಾಕಾ ಮೊಣಕಾಲೂರಿ, ವೈದ್ಯರು ಹೊಟ್ಟೆ ಒತ್ತಿ ನೋಡುವಂತೆ ನೆಲಕ್ಕೆ ಅಂಗೈ ಒತ್ತುತ್ತ ಬೊಡ್ಡೆಯ ಸುತ್ತ ಸರಿದರು. ಒಲೆಯಿಂದ ಎರಡು ಮೊಳ ದೂರದಲ್ಲಿ, ಹುಲ್ಲಿನ ಅಂಚಿಗೆ, ಕೈ ನಿಂತಿತು. "ಇಲ್ಲಿ ಅಗೀರಿ."

ಗೇಣುದ್ದ ಆಳದಲ್ಲಿ ಒಣಬೇರೊಂದು ಕೆಂಡವಾಗಿ ಹೊಳೆಯುತ್ತಿತ್ತು. ಮೇಲೆ ಹುಲ್ಲಿನ ಎಸಳು ಕೂಡ ಬಾಡಿರಲಿಲ್ಲ. ನಾವು ಮಲಗಿದ್ದಷ್ಟು ಹೊತ್ತೂ ಬೆಂಕಿ ನೆಲದಡಿಯಲ್ಲಿ ನಡೆದಿತ್ತು. ಐವರೂ ಆ ಕೈಯನ್ನೇ ನೋಡಿದೆವು.

ಗೆಳೆಯನೊಬ್ಬ ಮೆಲ್ಲಗೆ, "ಕಾಡು ಇನ್ನಾ ದೂರ ಐತಲ್ರಿ ಕಾಕಾ" ಎಂದ.

ಕಾಕಾ ಗಡಿಕಲ್ಲಿನತ್ತ ಗದ್ದ ಎತ್ತಿದರು. "ಆಚಿ ಸರಕಾರದ್ದು, ಈಚಿ ನಂದು. ಖರೇ. ಬೆಂಕಿಗೆ ಆ ಕಲ್ಲು ಕಾಣಂಗಿಲ್ಲೋ ತಮ್ಮಾ."

ಹಳ್ಳದಿಂದ ನೀರು ಹೊತ್ತು ಬೇರಿನುದ್ದಕ್ಕೂ ಸುರಿದೆವು. ಪ್ರತಿ ಸಲವೂ ಅವರು ಕೈಯಿಟ್ಟು ನೋಡಿ, ಕೊಡ ತೋರಿಸಿ, ಮತ್ತೆ ಹಳ್ಳಕ್ಕೆ ಅಟ್ಟಿದರು. ಅವರು ಒಪ್ಪುವ ಹೊತ್ತಿಗೆ ಮಧ್ಯಾಹ್ನದ ಬಸ್ಸೂ ಹೋಗಿತ್ತು. ವರದಿ ಕಳಿಸುವ ಮುನ್ನ ಇನ್ನೊಮ್ಮೆ ವಿಚಾರಿಸುವ ನನ್ನ ಅಭ್ಯಾಸ ಬಿಗಿಯಾದದ್ದು ಆಮೇಲೆ.

ಕಾಕಾ ಈ ವರ್ಷ ಮಳೆಗಾಲದಲ್ಲಿ ತೀರಿಕೊಂಡರು. ಕಳೆದ ತಿಂಗಳು ಅವರ ಮಗಳ ಅನುಮತಿ ಪಡೆದು ಅಲ್ಲೇ ತಂಗಿದೆವು. ಒಲೆಯನ್ನು ಬಯಲು ಮಣ್ಣಿನಲ್ಲಿ ಹೂಡಿದ್ದೆವು. ಹೊರಡುವಾಗ ಕರೆದೆವು, ಆಕೆ ಬಂದು ಬೂದಿಯ ಪಕ್ಕ ನಿಂತರು.

"ಅಪ್ಪ ಅಂತೂ ಇಲ್ಲ. ನೀವ ಇಡ್ರಿ ಕೈ."

ಇಟ್ಟೆ. ಬೂದಿ ತಣ್ಣಗಿತ್ತು.