ಮೂವತ್ತು ಮುಗಿಸಿದ ರೋಮನ್

ಬೇ ಸಿಟಿಯ ದಕ್ಷಿಣ ತುದಿಯ ಪೋಲಿಷ್ ವಲಸಿಗರ ಕೇರಿಯಲ್ಲಿ ಗಂಡಸಿನ ವಯಸ್ಸನ್ನು ಯಾರೂ ಕೇಳುವುದಿಲ್ಲ. "ಇನ್ನೆಷ್ಟು ಉಳಿದಿದೆ?" ಎಂದು ಕೇಳುತ್ತಾರೆ. ಕಾರಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದವನಿಗೆ, ವಯಸ್ಸೆಷ್ಟೇ ಇರಲಿ, ಪೂರ್ತಿ ಪಿಂಚಣಿ. ಹತ್ತೊಂಬತ್ತಕ್ಕೆ ಸೇರಿದ್ದ ರೋಮನ್ ಪಿಲಾರ್ಸ್ಕಿ ನಲವತ್ತೊಂಬತ್ತಕ್ಕೆ ಹೊರಬಿದ್ದ. ಕೊನೆಯ ದಿನ ಕಾರು ಜೋಡಿಸುವ ಲೈನಿನವರು ಕೇಕ್ ಕತ್ತರಿಸಿ, ಬೆನ್ನು ತಟ್ಟಿ, "ಇನ್ನೇನಪ್ಪಾ, ರಾಜ ನೀನು" ಎಂದರು. ರಾಜ ಮರುದಿನ ಎಂದಿನಂತೆ ನಾಲ್ಕೂವರೆಗೇ ಎದ್ದು, ಬೂಟು ಹಾಕಿಕೊಂಡು, ಹೋಗುವುದಕ್ಕೆ ಎಲ್ಲೂ ಇಲ್ಲದೆ ಅಡುಗೆಮನೆಯಲ್ಲಿ ನಿಂತಿದ್ದ.

ಲೆಕ್ಕಾಚಾರವೇನೋ ಸರಿಯಾಗಿಯೇ ಇತ್ತು. ಊರಿನ ಮನೆ ಮಾರಿ, ಉತ್ತರಕ್ಕೆ ಮೂರು ಗಂಟೆ ದೂರದ ಕೆರೆಯ ದಂಡೆಯಲ್ಲಿ ಚಿಕ್ಕದೊಂದು ಮನೆ ಕೊಂಡರೆ ಪಿಂಚಣಿ ಸಾಲುತ್ತದೆ. ಹಲ್ಲಿನ ಡಾಕ್ಟರ ಬಳಿ ಗುಮಾಸ್ತಿಕೆ ಮಾಡುವ ಹೆಂಡತಿ ರೆನೆಗೆ ಅಲ್ಲೂ ಅಂಥದೇ ಕೆಲಸ ಸಿಕ್ಕಿತ್ತು. ಆದರೆ ಒಂದು ಕೊಕ್ಕೆ ಇತ್ತು: ರೋಮನ್ ಅರವತ್ತೆರಡರೊಳಗೆ ಬೇರೆ ಕಡೆ ಗಟ್ಟಿಯಾಗಿ ದುಡಿದರೆ ಪಿಂಚಣಿಗೆ ಕತ್ತರಿ. ಅಂದರೆ ಹದಿಮೂರು ವರ್ಷ ಕೈಕಟ್ಟಿ ಕೂರಬೇಕು. ಅದೇ ಬಹುಮಾನ ಎಂದು ಎಲ್ಲರೂ ಹೇಳುತ್ತಿದ್ದರು. ಅವನಿಗೆ ಮಾತ್ರ ಮೈಮೇಲೆ ಇರುವೆ ಬಿಟ್ಟುಕೊಂಡ ಹಾಗೆ ಆಗುತ್ತಿತ್ತು.

ಮೊದಲ ವಾರ ಗ್ಯಾರೇಜು ಜೋಡಿಸಿದ. ಎರಡನೆಯ ವಾರ ಅದನ್ನೇ ಮತ್ತೆ ಜೋಡಿಸಿದ. ಮೂರನೆಯ ವಾರ ರೆನೆಯ ಅಡುಗೆಮನೆಗೆ ಕೈಹಾಕಿದಾಗ ಅವಳು ಸೌಟು ಹಿಡಿದೇ ಬಾಗಿಲಿಗೆ ಬಂದಳು.

"ಇದು ನಿನ್ನ ಲೈನಲ್ಲ ಮಾರಾಯಾ! ಎಲ್ಲಾದ್ರೂ ಹೋಗು. ಶುಕ್ರವಾರ ಮನೆ ಪತ್ರಕ್ಕೆ ಸಹಿ ಹಾಕೋತನಕ ನನ್ನ ಕಣ್ಣಿಗೆ ಬೀಳ್ಬೇಡ."

ಅವನು ಹೋದದ್ದು ನಾಲ್ಕು ಬೀದಿ ಆಚೆಯ ಅಪ್ಪ ಅಮ್ಮನ ಮನೆಗೆ. ಅಂದು ಗುರುವಾರ, ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳು. ಶುಕ್ರವಾರ ಚರ್ಚಿನಲ್ಲಿ ಮಾರುವ ಪಿಯೆರೋಗಿ ಕಡುಬಿನ ಅಂಚು ಒತ್ತಲು ಅಮ್ಮ ಐರೀನ್ ಹೋಗಿದ್ದಳು. ಎಪ್ಪತ್ತಾರಾದರೂ ಅವಳು ಒತ್ತಿದ ಅಂಚು ಕುದಿನೀರಿನಲ್ಲಿ ಬಿಚ್ಚಿಕೊಂಡದ್ದಿಲ್ಲ. ಅಪ್ಪ ಕ್ಲೆಮ್ ಜೊತೆಗೆ ಹೋಗಿದ್ದ. ಈಚೆಗೆ ಮುದುಕ ಎಲ್ಲಿಗೆ ಹೋದರೂ ಹೆಂಡತಿಯ ಮೊಣಕೈ ಬಿಡುತ್ತಿರಲಿಲ್ಲ. ವಯಸ್ಸಾದ ಮೇಲೆ ಪ್ರೀತಿ ಉಕ್ಕಿದೆ ಎಂದು ಕೇರಿಯವರು ನಗುತ್ತಿದ್ದರು.

ಖಾಲಿ ಅಡುಗೆಮನೆ ನೋಡಿದ್ದೇ ರೋಮನ್‌ಗೆ ಜೀವ ಬಂತು. ಹೆಚ್ಚು ಬಳಸುವುದು ಎದೆಯ ಎತ್ತರಕ್ಕೆ, ಭಾರದ್ದು ಕೆಳಕ್ಕೆ, ಒಂದು ಸಾಮಾನಿಗೆ ಒಂದೇ ಜಾಗ. ಮೂವತ್ತು ವರ್ಷ ಕಲಿತದ್ದೆಲ್ಲ ಕೈಗೆ ತಾನಾಗಿ ಬಂತು. ಹಳೆಯ ಡಬ್ಬಿಗಳಿಗೆಲ್ಲ ರಬ್ಬರ್ ಬ್ಯಾಂಡು ಸುತ್ತಿತ್ತು, ಒಂದಕ್ಕೆ ಒಂದು, ಇನ್ನೊಂದಕ್ಕೆ ಮೂರು. ಕಸ ಕೂಡಿಡುವ ಮುದುಕರ ಚಟ ಎಂದುಕೊಂಡು ಎಲ್ಲವನ್ನೂ ಕಿತ್ತು ಎಸೆದ. ಎಲ್ಲ ಸಾಮಾನನ್ನೂ ಅಂಗಡಿಯಿಂದ ತಂದ ಒಂದೇ ಅಳತೆಯ ಹೊಸ ಗಾಜಿನ ಡಬ್ಬಿಗಳಿಗೆ ಸುರಿದು, ಹೆಸರಿನ ಚೀಟಿ ಅಂಟಿಸಿದ. ಮೂರು ವಾರದಲ್ಲಿ ಮೊದಲ ಸಲ ಸೀಟಿ ಹೊಡೆದ.

ಅಪ್ಪ ಅಮ್ಮ ಬಂದರು. ಏನೂ ಹೇಳದೆ ನೋಡೋಣ ಎಂದು ಅವನು ಮೇಜಿನ ಮುಂದೆ ಕುಳಿತಿದ್ದ. ಬಾಗಿಲಲ್ಲೇ ಕ್ಲೆಮ್‌ನ ಮುಖ ಬಿಳಿಚಿಕೊಂಡಿತು. ಅವನು ಬಾಯಿ ತೆರೆಯುವಷ್ಟರಲ್ಲಿ ಐರೀನ್ ಕಾಫಿಗೆ ನೀರಿಟ್ಟಾಗಿತ್ತು. ಕೈಚಾಚಿದಳು, ತಡವರಿಸಿದಳು, ಎರಡು ಡಬ್ಬಿ ಮುಟ್ಟಿ ಮೂರನೆಯದನ್ನು ತೆಗೆದಳು. ಕಾಫಿ ಬಂತು. ರೋಮನ್ ಒಂದು ಗುಟುಕು ಕುಡಿದ. ಉಪ್ಪು. ಉಗುಳಬೇಕು ಎನ್ನುವಾಗ ಮೇಜಿನ ಕೆಳಗೆ ಅಪ್ಪ ಅವನ ಕಾಲಿಗೆ ಒದ್ದ. ಒದ್ದು, ತನ್ನ ಲೋಟ ಎತ್ತಿ ಗಟಗಟನೆ ಕುಡಿದುಬಿಟ್ಟ.

"ಹೇಗಿದೆ?" ಎಂದಳು ಐರೀನ್.

"ಚೆನ್ನಾಗಿದೆ ಕಣೇ."

ಅವಳು ನಿಂತಲ್ಲೇ ನಿಂತಳು. "ಐವತ್ತೈದು ವರ್ಷದಲ್ಲಿ ನನ್ನ ಕಾಫಿ ಚೆನ್ನಾಗಿದೆ ಅಂತ ಒಂದಿನ ಅಂದೋನಲ್ಲ ನೀನು. ಏನು ಹಾಕ್ದೆ ನಾನು?" ಬೆರಳುಗಳು ಡಬ್ಬಿಯಿಂದ ಡಬ್ಬಿಗೆ ಹೋದವು, ಸುತ್ತ ಸವರಿದವು. ಗಾಜು, ಬರೀ ಗಾಜು, ಎಣಿಸಿ ಗುರುತು ಹಿಡಿಯಲು ಒಂದು ರಬ್ಬರ್ ಬ್ಯಾಂಡೂ ಇಲ್ಲ. "ನನ್ನ ಡಬ್ಬಿ ಯಾರು ಮುಟ್ಟಿದ್ದು?"

"ನಾನೇ ಅಮ್ಮಾ," ಎಂದ ರೋಮನ್. "ಎಲ್ಲದಕ್ಕೂ ಹೆಸರು ಬರ್ದಿದೀನಲ್ಲ, ದೊಡ್ಡಕ್ಷರದಲ್ಲಿ."

"ದೊಡ್ಡಕ್ಷರ!" ಕ್ಲೆಮ್ ಮೇಜಿಗೆ ಗುದ್ದಿದ. "ನಿನ್ನ ಮೂತಿಯಷ್ಟು ದೊಡ್ಡದಾಗಿ ಬರೆದ್ರೂ ಕಾಣಲ್ಲ ಕಣೋ ಅವಳಿಗೆ. ಎರಡು ವರ್ಷ ಆಯ್ತು."

ಆಮೇಲೆ ಎಲ್ಲ ಹೊರಬಂತು. ಕಣ್ಣಿನ ನಡುಭಾಗ ಹೋಗಿದೆ, ಅಂಚಿನಲ್ಲಿ ಸ್ವಲ್ಪ ನೆರಳು ಕಾಣುತ್ತದೆ, ಡಾಕ್ಟರು ಕೈಚೆಲ್ಲಿದ್ದಾರೆ. ಮಗ ಮೂವತ್ತು ಮುಗಿಸಿ ಕೆರೆಯ ದಂಡೆಗೆ ಹೊರಟುಬಿಡಲಿ, ಅಲ್ಲಿಯ ತನಕ ಉಸಿರೆತ್ತಬಾರದು ಎಂದು ಇಬ್ಬರೂ ಬಾಯಿಗೆ ಬೀಗ ಹಾಕಿಕೊಂಡಿದ್ದರು. "ನಾಳೆ ಒಂದು ದಿನ ಕಳೆದಿದ್ರೆ ಸಹಿ ಬಿದ್ದುಹೋಗ್ತಿತ್ತು," ಎಂದ ಕ್ಲೆಮ್, ಸೋತವನ ಹಾಗೆ.

ರೋಮನ್‌ಗೆ ಎದೆ ಒಡೆಯಬೇಕಿತ್ತು. ಒಡೆಯಿತು ಕೂಡ, ಆದರೆ ಒಂದು ಗಳಿಗೆ ತಡವಾಗಿ. ಅದಕ್ಕೂ ಮುಂಚೆ ಒಳಗೆ ಚಿಮ್ಮಿದ್ದು ಸಂತೋಷ. ಇನ್ನು ಬೆಳಿಗ್ಗೆ ಎದ್ದರೆ ಹೋಗಲು ಒಂದು ಜಾಗವಿದೆ, ಮಾಡಲು ಕೆಲಸವಿದೆ. ಅದು ತಿಳಿದದ್ದೇ ತನ್ನ ಮೇಲೆ ತನಗೇ ಅಸಹ್ಯವಾಯಿತು.

"ಸಹಿ ಬೇಡ ಅಮ್ಮಾ. ನಾವೆಲ್ಲೂ ಹೋಗಲ್ಲ. ನಾನು ದಿನಾ ಬರ್ತೀನಿ. ಅಡುಗೆ, ಬಟ್ಟೆ, ಎಲ್ಲಾ ನಾನೇ..."

"ನಿಜ ಹೇಳು," ಐರೀನ್ ತಡೆದಳು. "ನನಗೋಸ್ಕರ ಉಳೀತೀಯೋ, ಕೆಲಸ ಸಿಕ್ತು ಅಂತ ಉಳೀತೀಯೋ?"

ಸುಳ್ಳು ಹೇಳಲು ಬಾಯಿ ತೆರೆದ. ಬರಲಿಲ್ಲ. "ಎರಡೂ," ಎಂದ. ಮತ್ತೆ ತಿದ್ದಿಕೊಂಡ, "ಕೆಲಸಕ್ಕೇ ಜಾಸ್ತಿ."

ಅವಳು ಬೈಯುತ್ತಾಳೆಂದುಕೊಂಡಿದ್ದ. ಅವಳು ನಕ್ಕಳು, ನಗುತ್ತಲೇ ಅವನ ತಲೆಯನ್ನು ಹುಡುಕಿ ಒಂದು ಮೊಟಕು ಕೊಟ್ಟಳು. "ಹಾಗಾದ್ರೆ ಹೊರಡು. ನೀನು ಇಲ್ಲಿದ್ರೆ ಎರಡೇ ತಿಂಗಳಲ್ಲಿ ನಾನು ಕುರುಡಿ ಆಗಿಬಿಡ್ತೀನಿ. ಲೋಟ ಕೈಗೆ ಕೊಡ್ತೀಯ, ಕುರ್ಚಿ ಎಳೀತೀಯ, ಆಮೇಲೆ ಅದೇ ಕುರ್ಚೀಲಿ ಕೂರಿಸ್ತೀಯ. ಈಗ ನಾನು ಕುರುಡಿ ಅಲ್ಲ, ಸ್ವಲ್ಪ ನಿಧಾನ ಅಷ್ಟೇ. ಏಳು, ನನ್ನ ಅಡುಗೆಮನೆ ನನಗೆ ವಾಪಸ್ ಕೊಡು."

ಮಧ್ಯಾಹ್ನವಿಡೀ ಅವನು ಎತ್ತಿದ, ಇಟ್ಟ. ಅವಳು ನಡುವೆ ನಿಂತು ಹೇಳಿದಳು: "ಇನ್ನು ಎರಡು ಬೆರಳು ಎಡಕ್ಕೆ. ಅಲ್ಲ, ನಿನ್ನೆಡ ಅಲ್ಲ, ನನ್ನೆಡ." ಕಾರ್ಖಾನೆಯ ಯಾವ ಮೇಸ್ತ್ರಿಯೂ ಅವನನ್ನು ಇಷ್ಟು ಗೋಳುಹೊಯ್ದುಕೊಂಡಿರಲಿಲ್ಲ.

"ಮಂಗಳವಾರ ಮಂಗಳವಾರ ಬಾ," ಎಂದಳು ಕೊನೆಗೆ. "ರೆನೆಗೆ ಬಿಡುವಿದ್ರೆ ಅವಳೂ ಬರ್ಲಿ. ಬಂದು ಕೂತ್ಕೋ. ಏನೂ ಮುಟ್ಬೇಡ."

ರೆನೆಗೆ ಎಲ್ಲ ಹೇಳಿದ. ಅವಳು ಬಹಳ ಹೊತ್ತು ಅತ್ತಳು. ಮರುದಿನ ಇಬ್ಬರೂ ಸಹಿ ಹಾಕಿದರು.

ಕೆರೆಯ ಮನೆಯಿಂದ ಮೊದಲ ಮಂಗಳವಾರ ಮೂರು ಗಂಟೆ ಕಾರು ಓಡಿಸಿಕೊಂಡು ಬಂದು ಅದೇ ಮೇಜಿನ ಮುಂದೆ ಕುಳಿತ. ಐರೀನ್ ಸೂಪಿಗೆ ನೀರಿಟ್ಟು ಪಾತ್ರೆಯ ಮುಚ್ಚಳ ಹುಡುಕುತ್ತಿದ್ದಳು. ಅದು ಮೇಜಿನ ಮೇಲೆ, ಅವನ ಮೊಣಕೈ ಪಕ್ಕದಲ್ಲೇ ಇತ್ತು. ಅವಳ ಕೈ ಕಟ್ಟೆಯ ಮೇಲೆ ಹರಿದಾಡಿತು, ಸಿಂಕಿನೊಳಕ್ಕೆ ಹೋಯಿತು, ಮತ್ತೆ ಕಟ್ಟೆಗೆ ಬಂತು. ರೋಮನ್ ತನ್ನ ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ತುರುಕಿಕೊಂಡು ಅವುಗಳ ಮೇಲೆ ಕುಳಿತ. ಕಣ್ಣು ತುಂಬಿಬಂತು. ಒರೆಸಿಕೊಳ್ಳೋಣವೆಂದರೆ ಕೈ ತೆಗೆಯಬೇಕು, ತೆಗೆದರೆ ಅವು ಮುಚ್ಚಳದ ಕಡೆಗೇ ಹೋಗುತ್ತವೆ. ಎದುರಿಗೆ ಕ್ಲೆಮ್, ಎರಡು ವರ್ಷದಿಂದ ಇದನ್ನೇ ಮಾಡಿಕೊಂಡು ಬಂದವನು, ಮಗನ ಕಡೆ ನೋಡಿ ಮೆಲ್ಲಗೆ ತಲೆಯಾಡಿಸಿದ. ಐರೀನಳ ಬೆರಳು ಮೇಜಿನ ಅಂಚು ಹಿಡಿದು, ಇಂಚಿಂಚಾಗಿ ಮುಂದೆ ಬಂದು, ಮುಚ್ಚಳಕ್ಕೆ ತಾಗಿತು.

"ಸಿಕ್ತು," ಎಂದಳು ಅವಳು, ಯಾರಿಗೂ ಅಲ್ಲ.